ಡಾಕ್ಟರ್ ಸಾಹೇಬರು ನಂಬಿದ ನೋವು

ಮೊನ್ನೆ ಮಧ್ಯಾಹ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ನಮ್ಮ ಗಣಿತದ ಟೀಚರ್ ಪರ್ಸಿನಿಂದ ಒಂದು ಟ್ಯೂಬು ತೆಗೆದು ಕುತ್ತಿಗೆಗೆ ತಿಕ್ಕಿಕೊಂಡರು. ಮೊದಲು ಕರ್ಪೂರದಂಥ ವಾಸನೆ, ಅದರ ಬೆನ್ನಿಗೇ ಮೂಗಿಗೆ ಅಡರುವ ಮೆಣಸಿನಕಾಯಿಯ ಘಾಟು. ಎಲ್ಲರೂ ಸೀನತೊಡಗಿದರು, ಕಿಟಕಿ ತೆರೆಯಿರಿ ಎಂದು ಗದ್ದಲ ಮಾಡಿದರು. ನನಗೆ ಮಾತ್ರ ಸೀನು ಬರಲಿಲ್ಲ. ನನಗೇ ಗೊತ್ತಿಲ್ಲದಂತೆ ಎಡಗೈಯಿಂದ ಬಲ ಮೊಳಕೈಯನ್ನು ಮುಚ್ಚಿಕೊಂಡು ಕೂತಿದ್ದೆ. "ನಿಮಗೂ ನೋವೈತೇನ್ರಿ ಟೀಚರ್? ಹಚ್ಚಲೇನು?" ಎಂದು ಅವರು ಟ್ಯೂಬು ಚಾಚಿದಾಗ ಬೇಡವೇ ಬೇಡ ಎಂದು ಎದ್ದು ಹೊರಗೆ ಬಂದೆ. ಅವರಿಗೆ ನನ್ನ ವರ್ತನೆ ವಿಚಿತ್ರವಾಗಿ ಕಂಡಿರಬೇಕು.

ಆ ವಾಸನೆಯ ಜೊತೆಗೆ ನನಗೆ ಒಬ್ಬರು ನೆನಪಾಗುತ್ತಾರೆ. ಅವರನ್ನು ನಾವೆಲ್ಲ ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದೆವು. ಹಳೇ ಹುಬ್ಬಳ್ಳಿಯಲ್ಲಿ ಅವರದು ಎಲುಬಿನ ದವಾಖಾನೆ, ಮನೆ ಮಾತ್ರ ಧಾರವಾಡದ ಮಾಳಮಡ್ಡಿಯಲ್ಲಿ. ಬಿಳಿ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಅಡಿಕೆಯ ಡಬ್ಬಿ, ಬಾಯಿ ತುಂಬ ಚ್ಯಾಷ್ಟಿ. ಕಾಲು ಮುರಿದುಕೊಂಡು ಬಂದವರನ್ನೂ ನಗಿಸಿಯೇ ಪ್ಲಾಸ್ಟರ್ ಹಾಕುತ್ತಿದ್ದರು. ಅವರ ಕೋಣೆಗೆ ಬಾಗಿಲ ಬದಲು ಒಂದು ಪರದೆ ಇತ್ತು. ಒಳಗಿನ ಮಾತು ಕೇಳಿ ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೂ ನಗುತ್ತಿದ್ದರು. ಅಲ್ಲಿಗೆ ಹೋಗಿಬಂದವರು ಔಷಧದ ಹೆಸರು ಮರೆತರೂ ಸಾಹೇಬರು ಹೇಳಿದ ನಗೆಮಾತನ್ನು ಮರೆಯುತ್ತಿರಲಿಲ್ಲ. ಊರಿಗೆ ಹೋಗಿ ನಾಲ್ಕು ಜನರಿಗೆ ಹೇಳುತ್ತಿದ್ದರು.

ನಾನು ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಹುಡುಗಿ. ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆ ಮಾಡಿ ಹುಬ್ಬಳ್ಳಿಯ ಗಬ್ಬೂರಿಗೆ ಕಳಿಸಿದರು. ಗಂಡನ ಮನೆಯವರದು ರೊಟ್ಟಿ ವ್ಯಾಪಾರ. ಬೈಪಾಸ್ ರಸ್ತೆಯ ಖಾನಾವಳಿಗಳಿಗೂ ತಾರಿಹಾಳದ ಕಾರ್ಖಾನೆಗಳಿಗೂ ನಮ್ಮ ಮನೆಯಿಂದಲೇ ಜೋಳದ ರೊಟ್ಟಿ ಹೋಗುತ್ತಿತ್ತು. ಅತ್ತೆ ಒಲೆಯ ಮುಂದೆ ಕೂತು ಸುಡುವವರು, ನಾನು ಹಿಟ್ಟು ನಾದಿ ಬಡಿಯುವವಳು, ನನ್ನ ಗಂಡ ಬುಟ್ಟಿಗಳನ್ನು ಗಾಡಿಗೆ ಕಟ್ಟಿಕೊಂಡು ಮುಟ್ಟಿಸಿ ಬರುವವರು. ನಸುಕಿಗೆ ಹಚ್ಚಿದ ಒಲೆ ಮಧ್ಯಾಹ್ನದವರೆಗೂ ಆರುತ್ತಿರಲಿಲ್ಲ. ತವರಿನಲ್ಲೂ ರೊಟ್ಟಿ ಬಡಿದವಳೇ ನಾನು, ಕೆಲಸ ಗೊತ್ತಿತ್ತು. ಆದರೆ ಹಸಿದ ನಾಲ್ಕು ಜನರಿಗೆ ಬಡಿಯುವುದು ಬೇರೆ, ಒಂದು ಕಾರ್ಖಾನೆಗೆ ಬಡಿಯುವುದು ಬೇರೆ.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಬಲ ಮೊಳಕೈಯ ಹೊರಮಗ್ಗುಲಿಗೆ, ಎಲುಬು ಉಬ್ಬಿರುತ್ತದಲ್ಲ, ಅಲ್ಲಿ ನೋವು ಶುರುವಾಯಿತು. ಮೊದಲು ರೊಟ್ಟಿ ಬಡಿಯುವಾಗ ಮಾತ್ರ. ಆಮೇಲೆ ರೊಟ್ಟಿಗೆ ನೀರು ಸವರುವ ಅರಿವೆಯನ್ನು ಹಿಂಡುವಾಗ, ಬಾಗಿಲ ಚಿಲಕ ತಿರುಗಿಸುವಾಗ, ನೀರು ತುಂಬಿದ ತಂಬಿಗೆ ಎತ್ತುವಾಗ. ಒಂದು ದಿನ ಚಹಾದ ಕಪ್ಪು ಕೈಯಿಂದ ಜಾರಿ ಅತ್ತೆಯ ಕಾಲ ಬಳಿಯೇ ಒಡೆಯಿತು. ಅವತ್ತು ಅತ್ತೆ ನನ್ನನ್ನು ಕರೆದುಕೊಂಡು ಡಾಕ್ಟರ್ ಸಾಹೇಬರ ಹತ್ತಿರ ಹೋದರು.

ನಮ್ಮಲ್ಲಿ ಆಗ ಸೊಸೆಗೆ ಆರಾಮಿಲ್ಲವೆಂದರೆ ಡಾಕ್ಟರರ ಮುಂದೆ ಮಾತಾಡುವುದು ಅತ್ತೆಯೇ. ಸೊಸೆ ಕೈ ಚಾಚಿ ಕೂತರೆ ಆಯಿತು. ಹಾಗೆಯೇ ಕೂತೆ.

"ನಾಕ ರೊಟ್ಟಿ ಬಡದ್ರ ಕೈ ಹಿಡಕೊಂಡ ಕುಂದರ್ತಾಳ್ರಿ," ಎಂದರು ಅತ್ತೆ.

ಸಾಹೇಬರು ಹೆಬ್ಬೆರಳಿನಿಂದ ಒತ್ತಿದರು. ನಾನು ಚೀರಿದೆ. "ಇದಕ್ಕ ಟೆನಿಸ್ ಎಲ್ಬೋ ಅಂತಾರ," ಎಂದರು. "ಏನವಾ ತಂಗಿ, ಟೆನಿಸ್ ಎಲ್ಲಿ ಆಡ್ಲಿಕ್ಕೆ ಹೋಗಿದ್ದಿ? ನಿಮ್ಮ ಅತ್ತಿಗೂ ಒಂದು ಬ್ಯಾಟ್ ಕೊಡಸು."

ಪರದೆಯ ಆಚೆ ನಗು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಾಹೇಬರು ಅಲ್ಲೇ ಒಂದು ಸೂಜಿ ಹಾಕಿದರು. ನಿಜ ಹೇಳಬೇಕು, ಎರಡು ದಿನದಲ್ಲಿ ನೋವು ಮಾಯವಾಯಿತು. ಅವರು ದೇವರಂತೆ ಕಂಡರು. ಆದರೆ ಕೆಲವು ವಾರಗಳಾದ ಮೇಲೆ ನೋವು ತಿರುಗಿ ಬಂತು, ಬರುವಾಗ ಬಡ್ಡಿ ಸಮೇತ ಬಂತು. ಮತ್ತೊಂದು ಸೂಜಿ ಹಾಕಿಸಿದರು. ಮತ್ತೆ ಅದೇ ಕಥೆ.

ಮೂರನೆಯ ಸಲ ಹೋದಾಗ ಫೋಟೋ ತೆಗೆಸಿದರು. ಎಕ್ಸ್‌ರೇಗೆ ನಾವು ಫೋಟೋ ಎಂದೇ ಅನ್ನುತ್ತಿದ್ದೆವು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅತ್ತೆಗೂ ತೋರಿಸಿದರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅವರ ದನಿಯಲ್ಲೇ ಕೇಳುತ್ತದೆ.

"ಎಲುಬು ಕಬ್ಬಿಣ ಇದ್ದಂಗ ಅದ ಯಜಮಾನ್ತಿ. ಎರಡು ಸೂಜಿ ಹಾಕೀನಿ. ಇನ್ನೂ ನೋವು ಅಂದ್ರ, ಆ ನೋವು ಮೊಳಕೈಯಾಗಿಲ್ಲ, ಮುಗದದಾಗ ಅದ. ತವರಮನಿಗೆ ನಾಕು ದಿನ ಕಳಸ್ರಿ, ಅಲ್ಲೇ ಬಿಟ್ಟು ಬರ್ತಾಳ."

ಬೆಂಚಿನ ಮೇಲಿದ್ದವರು ಹೋ ಎಂದು ನಕ್ಕರು. ನಾನು ಪರದೆ ಸರಿಸಿ ಹೊರಗೆ ಬರುವಾಗ ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. ಮುಗದದಾಗ ನೋವು ಇಟ್ಟುಬಂದವಳು ಹೇಗಿದ್ದಾಳೆ ಎಂದು.

ಆ ಮಾತು ನಮ್ಮ ಮನೆ ಸೇರಿದ್ದು ಹೀಗೆ. ನಾನು ತವರಿಗೆ ಹೋಗಲಿಲ್ಲ, ಕಳಿಸಲೂ ಇಲ್ಲ. ನನ್ನ ಹೆಸರು ಮಾತ್ರ 'ಟೆನಿಸ್ ಬಾಯಿ' ಆಯಿತು. ರೊಟ್ಟಿ ದಪ್ಪವಾದರೆ "ಟೆನಿಸ್ ಬಾಯಿ ಇವತ್ತ ಮುಗದಕ್ಕ ಹೋಗ್ಯಾಳ," ಎನ್ನುವರು. ಸ್ವಲ್ಪ ಹೊತ್ತು ಕೈ ನೀಡಿ ಕೂತರೆ "ಡಾಕ್ಟರ್ ಸಾಹೇಬ್ರ ಹೇಳ್ಯಾರಲ್ಲ, ಏನೂ ಇಲ್ಲ," ಎನ್ನುವರು. ರೊಟ್ಟಿ ಒಯ್ಯಲು ಬರುವ ಖಾನಾವಳಿಯವನಿಗೂ ಈ ಕಥೆ ಗೊತ್ತಿತ್ತು. ನನ್ನ ಗಂಡ ಕೆಟ್ಟವರಲ್ಲ, ಆದರೆ ಅವರೂ ನಕ್ಕರು. ಮನೆಯವರು ನನ್ನನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಬರೀ ನಂಬಲಿಲ್ಲ. ಎಡಗೈಯಿಂದ ಹಿಟ್ಟು ನಾದುವುದನ್ನು ಕಲಿತೆ. ಅಳು ಬಂದರೆ ಒಲೆಯ ಹೊಗೆ ಇದ್ದೇ ಇತ್ತು. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು... ಇಷ್ಟು ಜನ ಇಲ್ಲ ಅನ್ನುತ್ತಾರೆ, ಫೋಟೋದಲ್ಲೂ ಇಲ್ಲ, ಹಾಗಾದರೆ ಈ ಉರಿಯುತ್ತಿರುವುದು ಯಾರ ಕೈ?

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನೋವು ಹೇಳದೆ ಕೇಳದೆ ಹೋಯಿತು. ಯಾವ ದಿನ ಹೋಯಿತೆಂದೂ ಗೊತ್ತಿಲ್ಲ. ಒಂದು ಮುಂಜಾನೆ ತಂಬಿಗೆ ಎತ್ತಿ ಬಾಯಿಗೆ ನೀರು ಹಾಕಿಕೊಂಡ ಮೇಲೆ, ಅರೆ, ಬಲಗೈಯಿಂದಲೇ ಎತ್ತಿದೆನಲ್ಲ ಎಂದು ಹೊಳೆಯಿತು. ಯಾರಿಗೂ ಹೇಳಲಿಲ್ಲ. ಇದೆ ಎಂದಾಗ ನಂಬದವರಿಗೆ ಹೋಯಿತು ಎಂದು ಏನಂತ ಹೇಳುವುದು?

ಅದಾಗಿ ಮುಂದಿನ ವರ್ಷವೋ ಏನೋ... ಹೊಸ ಶತಮಾನ ಬಂತೆಂದು ಎಲ್ಲರೂ ಗದ್ದಲ ಮಾಡುತ್ತಿದ್ದ ಕಾಲ. ಆ ಹೊತ್ತಿಗೆ ಮೈದುನನ ಮದುವೆಯಾಗಿ ಮನೆಗೆ ನನ್ನ ನೆಗೆಣ್ಣಿ ಬಂದಿದ್ದಳು. ಇನ್ನೂ ಹುಡುಗಿ, ಬಾಯಿ ಬಿಟ್ಟರೆ ಅಕ್ಕಾ ಅಕ್ಕಾ. ಇಬ್ಬರೂ ಎದುರು ಬದುರು ಕೂತು ರೊಟ್ಟಿ ಬಡಿಯುತ್ತಿದ್ದೆವು. ಒಂದು ದಿನ ನಡುಹೊತ್ತಿಗೆ ಮನೆಯ ಮುಂದೆ ಆಟೋ ನಿಂತಿತು. ಡಾಕ್ಟರ್ ಸಾಹೇಬರು ಇಳಿದರು. ಅವರು ದವಾಖಾನೆ ಮುಚ್ಚಿದ್ದರು, ಕಣ್ಣು ಮಂದವಾಗಿತ್ತು, ಕೈಯಲ್ಲಿ ಕೋಲು. ಅತ್ತೆಗೆ ಗಾಬರಿ. ಮಂಚದ ಮೇಲಿನ ಅರಿವೆ ಎತ್ತಿ, ಹಾಸಿಗೆ ಕೊಡವಿ ಕೂರಿಸಿದರು. ನೆಗೆಣ್ಣಿ ನೀರು ತಂದಿಟ್ಟಳು.

ಅವರು ನೀರು ಮುಟ್ಟಲಿಲ್ಲ. "ಯಜಮಾನ್ತಿ, ನಾ ಒಂದು ತಪ್ಪು ಒಪ್ಪಿಸ್ಲಿಕ್ಕೆ ಬಂದೀನಿ," ಎಂದರು. ಅವರ ಕೈಕೆಳಗೆ ಕಲಿತ ಡಾಕ್ಟರೊಬ್ಬರು ಎಲ್ಲೋ ಡಾಕ್ಟರರ ಸಭೆಯಲ್ಲಿ ಮಾತಾಡಿದ್ದರಂತೆ. ಇಂಥ ಮೊಳಕೈಯವರಿಗೆ ಆಪರೇಷನ್ ಮಾಡಿದಾಗ ತೆಗೆದ ಸಣ್ಣ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿದರಂತೆ.

"ಸ್ನಾಯು ಎಲುಬಿಗೆ ಹತ್ತೋ ಜಾಗಾದಾಗ ಬಾವು ಬಂದಿರ್ತದ, ಸೂಜಿ ಹಾಕಿದ್ರ ಇಳೀತದ ಅಂತ ನಾವು ತಿಳಕೊಂಡಿದ್ವಿ. ನೋಡಿದ್ರ ಬಾವಿನ ಗುರುತ ಇಲ್ಲ. ಸಣ್ಣ ಸಣ್ಣ ರಕ್ತನಾಳ, ಅವುಗಳ ಸುತ್ತಲೂ ಕೂದಲಕ್ಕಿಂತ ಸಣ್ಣ ನರಗಳು. ಆ ನರದೊಳಗ ಒಂದು ಪದಾರ್ಥ ಅದ, ಸಬ್‌ಸ್ಟನ್ಸ್ ಪಿ ಅಂತ ಹೆಸರು. ಅಂಥಾವು ಇನ್ನೂ ಅವ. ಎಲ್ಲಾ ಸೇರಿಸಿ ನ್ಯೂರೋಪೆಪ್ಟೈಡ್ ಅಂತಾರ."

"ನರಾ ಅಂದ್ರ ಕರೆಂಟಿನ ವಾಯರ್ ಇದ್ದಂಗ ಅಲ್ಲನ್ರಿ?" ಎಂದರು ಅತ್ತೆ, ಏನಾದರೂ ಅನ್ನಬೇಕಲ್ಲ ಎಂದು.

"ನಾನೂ ಹಂಗ ತಿಳಿದಿದ್ದೆ. ನೋವಿನ ಸುದ್ದಿ ಮಿದುಳಿಗೆ ಒಯ್ಯೋದಷ್ಟ ಅದರ ಕೆಲಸ ಅಂತ. ಹಂಗಿಲ್ಲ ಯಜಮಾನ್ತಿ. ಓಣ್ಯಾಗ ಒಬ್ಬಾಕಿ ಇರ್ತಾಳ ನೋಡ್ರಿ, ಸುದ್ದಿ ಒಯ್ಯೋದೂ ಆಕಿನ, ಹೋದ ಮನ್ಯಾಗೆಲ್ಲ ಬೆಂಕಿ ಹಚ್ಚಿ ಬರೋದೂ ಆಕಿನ. ಈ ನರ ಹಂಗ. ತನ್ನ ತುದಿಯಿಂದ ಆ ಪದಾರ್ಥ ಅಲ್ಲೇ ಬಿಡ್ತದ. ರಕ್ತನಾಳ ಕೆರಳತಾವ, ಮುಟ್ಟಿದ್ರ ಪ್ರಾಣ ಹೋಗ್ತದ. ಫೋಟೋದಾಗ ಏನೂ ಕಾಣೂದಿಲ್ಲ. ಎಲುಬು ಕಬ್ಬಿಣಾನ ಇರ್ತದ, ನೋವೂ ಖರೇನ ಇರ್ತದ."

ನ್ಯೂರೋಪೆಪ್ಟೈಡ್ ಎಂಬ ಪದವನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ರೊಟ್ಟಿ ಬುಟ್ಟಿಯ ಪಕ್ಕದಲ್ಲಿ, ಕೈ ತುಂಬ ಹಿಟ್ಟು ಮೆತ್ತಿಕೊಂಡು ನಿಂತಾಗ.

ಆಮೇಲೆ ಅವರು ತಲೆ ತಗ್ಗಿಸಿ ಹೇಳಿದರು. "ಸೂಜಿ ಹಾಕಿದ್ದಕ್ಕ ನನಗ ಅಷ್ಟು ಕೆಡಕು ಅನಿಸೂದಿಲ್ಲ. ಆಗ ಎಲ್ಲಾರೂ ಹಾಕ್ತಿದ್ರು, ನಾನೂ ಹಾಕಿದೆ. ಜನರನ್ನ ನಗಿಸಿದ್ನಲ್ಲ, ಅದು ನಿದ್ದಿ ಕೊಡವಲ್ದು. ಈ ಹುಡುಗಿ ನೋವು ಖರೇ ಇತ್ತು. ನಾ ಚ್ಯಾಷ್ಟಿ ಮಾಡಿದೆ, ನೀವು ನಂಬಿದ್ರಿ."

ಹೀಗೆ ತಾವು ನಗೆಗೀಡು ಮಾಡಿದ ಯಾರ್ಯಾರು ನೆನಪಿದ್ದರೋ ಅವರ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರಂತೆ. ತಾರಿಹಾಳದ ಒಬ್ಬ ಫಿಟ್ಟರ್ ಮನೆಗೆ ಹೋಗಿಬಂದು, ಅಲ್ಲಿಂದ ನಮ್ಮಲ್ಲಿಗೆ ಬಂದಿದ್ದರು.

ಅತ್ತೆಯ ಮುಖ ಬಿಳಿಚಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ನೆಲ ನೋಡುತ್ತಿದ್ದರು. ಸಾಹೇಬರು ನನ್ನತ್ತ ತಿರುಗಿದರು. ಮಂದಗಣ್ಣಿನಲ್ಲಿ ನಾನು ಎಷ್ಟು ಕಂಡೆನೋ.

"ಈಗ ಹ್ಯಾಂಗದವಾ ತಂಗಿ, ಮೊಳಕೈ?"

ನೋವಿನ ಬಗ್ಗೆ ಮೊದಲ ಸಲ ಅವರು ನನ್ನನ್ನು ಕೇಳಿದ್ದು. ಅತ್ತೆಯನ್ನಲ್ಲ, ನನ್ನನ್ನು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡು ವರ್ಷ ನಂಬದೇ ಇದ್ದವರು ಈಗ ನಂಬಲು ತಯಾರಾಗಿ ನಿಂತಿದ್ದರು. ಕಡಿಮೆಯಾಗೈತ್ರಿ ಎಂದು ಹೇಳಿದ್ದರೆ ಎಲ್ಲರೂ ನಿಟ್ಟುಸಿರು ಬಿಟ್ಟು, ಚಹಾ ಕುಡಿದು, ಸಾಹೇಬರನ್ನು ಆಟೋ ಹತ್ತಿಸುತ್ತಿದ್ದರು, ನಾನು ಮತ್ತೆ ರೊಟ್ಟಿಗೆ ಕೂರಬೇಕಿತ್ತು. ನನ್ನ ಹೊಟ್ಟೆಯೊಳಗೆ ಆ ಎರಡು ವರ್ಷದ ಸಿಟ್ಟು ಹಾಗೇ ಇತ್ತು.

"ಐತ್ರಿ," ಎಂದೆ. "ಇನ್ನೂ ಐತ್ರಿ."

ಹೇಳಿದ್ದು ಇಷ್ಟೇ. ಮುದುಕರ ಕಣ್ಣಲ್ಲಿ ನೀರು ಬಂತು.

ಅವತ್ತೇ ಸಾಹೇಬರು ಹೇಳಿಬಿಟ್ಟರು, ಈ ಕೈ ಇನ್ನು ರೊಟ್ಟಿ ಬಡಿಯಬಾರದು, ಭಾರ ಎತ್ತಬಾರದು. ಅತ್ತೆ ಎರಡು ಮಾತಾಡಲಿಲ್ಲ. ನನ್ನನ್ನು ಹಿಂಡಿದ ಅದೇ "ಡಾಕ್ಟರ್ ಸಾಹೇಬ್ರ ಹೇಳ್ಯಾರ" ಎಂಬ ಮಾತು ಮರುದಿನದಿಂದ ನನ್ನ ಕಡೆ ಆಯಿತು. ನನ್ನ ಪಾಲಿನ ಹಿಟ್ಟಿನ ಬೋಗುಣಿಯೂ ನೆಗೆಣ್ಣಿಯ ಮುಂದೆ ಹೋಯಿತು. ಅವಳು ಮುಖ ಸೊಟ್ಟ ಮಾಡಲಿಲ್ಲ. "ಪಾಪ ಅಕ್ಕಾ, ಎಷ್ಟ ತಡಕೊಂಡೀರಿ," ಎಂದು ನನ್ನ ಕೈ ಸವರಿದಳು. ನಾನು ಕೈ ಹಿಂದೆಳೆದುಕೊಂಡೆ. ಅವಳು ನೋವಿಗೆ ಎಳೆದುಕೊಂಡೆನೆಂದು ತಿಳಿದಳು.

ನಾನು ಅಂದುಕೊಂಡದ್ದು ನಾಲ್ಕು ದಿನ ಆರಾಮ ತಗೊಂಡು ಕಡಿಮೆಯಾಯಿತು ಅಂದರಾಯಿತು ಎಂದು. ಆದರೆ ಸಾಹೇಬರು ಅಲ್ಲಿಗೆ ಬಿಡುವವರಾಗಿರಲಿಲ್ಲ. ಧಾರವಾಡದಿಂದ ಬಸ್ಸು, ಬಸ್ಸಿನಿಂದ ಆಟೋ, ಆಟೋದಿಂದ ಕೋಲು ಊರಿಕೊಂಡು ಮತ್ತೆ ಮತ್ತೆ ಬರತೊಡಗಿದರು. ನೀರು ತುಂಬಿದ ಬಾಟಲಿಯನ್ನು ಕೈಯಲ್ಲಿ ಹಿಡಿಸಿ ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಕಲಿಸಿದರು. ಒಂದು ಸಲ ಒಂದು ಟ್ಯೂಬು ತಂದರು.

"ಇದರಾಗ ಮೆಣಸಿನಕಾಯಿ ಸತ್ವ ಅದ. ಮೊದಲು ಉರೀತದ. ಹಚ್ಚಿಕೋತ ಹೋದ್ರ, ನರ ತನ್ನ ಹತ್ರ ಇದ್ದ ಸಬ್‌ಸ್ಟನ್ಸ್ ಪಿ ಎಲ್ಲಾ ಖರ್ಚು ಮಾಡಿಕೊಂಡು ಬರಿಗೈ ಆಗ್ತದ. ಸುದ್ದಿ ಒಯ್ಯೋ ಆಕಿಗೆ ಹೇಳ್ಲಿಕ್ಕೆ ಸುದ್ದಿನ ಉಳಿಯೂದಿಲ್ಲ," ಎಂದು ನಕ್ಕರು. ಅದು ನಾನು ಕೇಳಿದ ಅವರ ಕೊನೆಯ ಚ್ಯಾಷ್ಟಿ ಇರಬೇಕು. ನಕ್ಕ ಕೂಡಲೇ ತಪ್ಪು ಮಾಡಿದವರಂತೆ ಟ್ಯೂಬಿನ ಮುಚ್ಚಳ ತೆಗೆಯತೊಡಗಿದರು.

ಆ ಮುಲಾಮನ್ನು ಅವರೇ ಹಚ್ಚಿದರು. ಆರೋಗ್ಯವಾದ ಚರ್ಮದ ಮೇಲೆ ಅದು ಕೆಂಡದಂತೆ ಉರಿಯಿತು. ಕಣ್ಣಲ್ಲಿ ನೀರು ಸುರಿಯಿತು. "ತಡಕೋವಾ, ತಡಕೋ," ಎನ್ನುತ್ತ ಅವರು ಗಾಳಿ ಹಾಕಿದರು. ನನಗೆ ಬೇಕಾದ ಶಾಸ್ತಿ ಎಂದು ಹಲ್ಲು ಕಚ್ಚಿ ಕೂತೆ. ದಿನಾ ತಪ್ಪದೆ ಹಚ್ಚಿಕೊಂಡೆ ಕೂಡ. ಹಚ್ಚಿಕೊಂಡರೆ ಸುಳ್ಳಿನ ಭಾರ ಸ್ವಲ್ಪ ಇಳಿದಂತೆ ಅನಿಸುತ್ತಿತ್ತು.

ಒಂದು ದಿನ ಅವರು, "ನೋವು ಹೋದ ಮ್ಯಾಲೂ ನರ ಅದನ್ನ ಲಗೂ ಮರಿಯೂದಿಲ್ಲ, ಹೆದರ್ತಿರ್ತದ," ಎಂದಿದ್ದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಕೈಯಲ್ಲೂ ಎಲ್ಲೋ ಆಳದಲ್ಲಿ ನೋವು ಇದ್ದೀತು, ನಾನು ಹೇಳುತ್ತಿರುವುದು ಪೂರಾ ಸುಳ್ಳೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಒತ್ತಿದಾಗ "ಹಾಂ, ಅಲ್ಲೇ ರಿ," ಎಂದು ಅಂದು ಅಂದು, ಕೆಲವೊಮ್ಮೆ ನಿಜಕ್ಕೂ ಅಲ್ಲಿ ಏನೋ ಚುರ್ ಎಂದಂತಾಗುತ್ತಿತ್ತು. ಮನುಷ್ಯ ತನಗೆ ತಾನು ಸುಳ್ಳು ಹೇಳಿಕೊಳ್ಳಲು ಹೊರಟರೆ ಮೈಯೂ ಸಾಕ್ಷಿ ಹೇಳುತ್ತದೆ.

ಕೈ ಖಾಲಿಯಾದ ಮೇಲೆ ಹೊತ್ತು ಉಳಿಯಿತು. ಅದನ್ನು ನೋಡಿದವರೂ ಸಾಹೇಬರೇ. "ಪಿಯುಸಿ ಆಗೇದ ಅಂತೀದಿ, ಮುಂದ ಓದವಾ," ಎಂದು ಬಿ.ಎ.ಗೆ ಹೊರಗಿನಿಂದ ಪರೀಕ್ಷೆ ಕಟ್ಟಿಸಿದರು, ಪುಸ್ತಕ ತಂದುಕೊಟ್ಟರು, ಅತ್ತೆಗೆ ತಾವೇ ಹೇಳಿ ಒಪ್ಪಿಸಿದರು. ಬಿ.ಎ. ಆಯಿತು, ಬಿ.ಎಡ್. ಆಯಿತು, ಶಾಲೆಯ ಕೆಲಸವೂ ಸಿಕ್ಕಿತು. ನಮ್ಮ ತವರಿನಲ್ಲಿ ನನ್ನದು ದೊಡ್ಡ ಹೆಸರು. ಎಷ್ಟು ಕಷ್ಟಪಟ್ಟು ಮೇಲೆ ಬಂದಳು ನೋಡಿ ಎನ್ನುತ್ತಾರೆ. ನಾನು ಓದುತ್ತ ಕೂತ ಕೋಣೆಗೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಟಪ್ ಟಪ್ ಟಪ್... ನನ್ನ ಪಾಲಿನದೂ ಸೇರಿಸಿ, ಒಂದೇ ಜೋಡಿ ಕೈ.

ಆ ಸದ್ದು ಬದಲಾದದ್ದು ನನಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ನಡುವೆ ನಿಲ್ಲತೊಡಗಿತ್ತು. ಎದ್ದು ಹೋಗಿ ಇಣುಕಿದರೆ ನೆಗೆಣ್ಣಿ ಎಡಗೈಯಿಂದ ಹಿಟ್ಟು ನಾದುತ್ತಿದ್ದಳು. ಅರಿವೆ ಹಿಂಡುವಾಗ ತುಟಿ ಕಚ್ಚುತ್ತಿದ್ದಳು. ತಂಬಿಗೆಯನ್ನು ಎರಡೂ ಕೈಯಿಂದ ಎತ್ತುತ್ತಿದ್ದಳು. ಇದರಲ್ಲಿ ಒಂದೊಂದನ್ನೂ ನಾನು ಮಾಡಿದವಳು. ನನಗೆ ಯಾವ ಫೋಟೋದ ಅಗತ್ಯವೂ ಇರಲಿಲ್ಲ. ಏನಾಗೇತಿ ಎಂದು ಕೇಳಿದರೆ, "ಏನಿಲ್ಲ ಬಿಡ್ರಿ ಅಕ್ಕಾ," ಎನ್ನುತ್ತಿದ್ದಳು.

ಸಾಹೇಬರು ಆಗಲೂ ಬರುತ್ತಿದ್ದರು. ನನ್ನ ಮೊಳಕೈ ಒತ್ತಿ ನೋಡುತ್ತಿದ್ದರು. ಅವಳು ಎಡಗೈಯಿಂದ ಚಹಾದ ಕಪ್ಪು ತಂದಿಡುತ್ತಿದ್ದಳು. ಮಂಜುಗಣ್ಣಿನ ಅವರಿಗೆ ಅದು ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಸಾಹೇಬ್ರ, ಇಕಿ ಕೈ ಒಂದೀಟ ನೋಡ್ರಿ ಎಂದರೆ ಸಾಕಿತ್ತು. ಅವಳನ್ನು ಆ ಕ್ಷಣವೇ ನಂಬುವವರಿದ್ದರೆ ಈ ಹುಬ್ಬಳ್ಳಿ-ಧಾರವಾಡದಲ್ಲಿ ಅವರೊಬ್ಬರೇ. ಆದರೆ ಅವಳ ಕೈ ಒತ್ತಿದರೆ ಅವಳು ಚೀರುತ್ತಾಳೆ. ಆ ಚೀರುವಿಕೆ ಕೇಳಿದ ಮೇಲೆ ನನ್ನ 'ಹಾಂ, ಅಲ್ಲೇ ರಿ' ಏನೆಂದು ಅವರಿಗೆ ತಿಳಿಯದೇ ಇರುತ್ತದೆಯೇ? ಬಿ.ಎಡ್. ಪರೀಕ್ಷೆ ಎದುರಿಗಿತ್ತು. ಅವಳ ಕೈ ನೋಡಿ ರೊಟ್ಟಿ ಕೆಲಸದಿಂದ ಬಿಡಿಸಿದರೆ ಆ ಜಾಗಕ್ಕೆ ಯಾರು ಕೂರಬೇಕು?

ಸುಮ್ಮನಿದ್ದೆ. ಒಂದು ಸಲವಲ್ಲ, ಅವರು ಬಂದಾಗಲೆಲ್ಲ. ಸಾಹೇಬರು ನನ್ನ ನೋವನ್ನು ಗೊತ್ತಿಲ್ಲದೆ ಇಲ್ಲ ಎಂದರು. ನಾನು ಅವಳ ನೋವನ್ನು ಗೊತ್ತಿದ್ದೂ ಮುಚ್ಚಿಟ್ಟೆ. ಅವರಿಗೆ ತಮ್ಮ ತಪ್ಪಿಗೆ ನಿದ್ದೆ ಬರಲಿಲ್ಲ. ನನಗೆ ಚೆನ್ನಾಗಿ ಬರುತ್ತಿತ್ತು, ಅದು ಇನ್ನೂ ನಾಚಿಕೆಯ ಮಾತು.

ಆಮೇಲೆ ಅವರ ಬರವು ನಿಂತಿತು. ನನಗೆ ಕೆಲಸ ಸಿಕ್ಕು ಕೆಲವು ವರ್ಷವಾಗಿತ್ತು. ಸಾಹೇಬರು ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ನೋಡಬೇಕಂತೆ ಎಂದು ಅವರ ಮನೆಯಿಂದ ಫೋನ್ ಬಂತು. ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇವತ್ತು ಹೇಳಿಬಿಡುವುದು. ನೀವು ಬಂದ ದಿನ ನನಗೆ ನೋವು ಇರಲಿಲ್ಲ, ಇಷ್ಟು ವರ್ಷ ನೀವು ಹೊತ್ತದ್ದು ನನ್ನ ಸುಳ್ಳು ಎಂದು. ಕಾಲಿಗೆ ಬೀಳುವುದು.

ಮಾಳಮಡ್ಡಿಯ ಆ ಕೋಣೆಯಲ್ಲಿ ಅವರು ಹಾಸಿಗೆಗಿಂತ ಸಣ್ಣದಾಗಿ ಕಂಡರು. ದನಿ ಕೇಳಿ ಗುರುತು ಹಿಡಿದರು. ಕೈ ಚಾಚಿದರು. ನಾನು ಕೈ ಕೊಟ್ಟೆ. ಬೆರಳುಗಳು ತಾವಾಗಿಯೇ ತಡಕಾಡುತ್ತ ನನ್ನ ಮೊಳಕೈವರೆಗೆ ಬಂದು ನಿಂತವು. ಒತ್ತುವ ಶಕ್ತಿ ಇರಲಿಲ್ಲ, ಸುಮ್ಮನೆ ಇಟ್ಟುಕೊಂಡರು.

"ತಂಗಿ... ಅವತ್ತಿನ ಮಾತು ಇನ್ನೂ ಮನಸ್ನ್ಯಾಗ ಅದ ಏನವಾ?"

"ಇಲ್ರಿ ಸಾಹೇಬ್ರ. ಯಾವಾಗೋ ಬಿಟ್ಟೇನ್ರಿ," ಎಂದೆ.

ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ಮುಖ ತಿಳಿಯಾಯಿತು. ಸಾಯುವ ಮುದುಕರನ್ನು ನೋಯಿಸುವುದು ಬೇಡವೆಂದು ಹೇಳಲಿಲ್ಲ ಎಂದು ತಿರುಗಿ ಬರುವಾಗ ಅಂದುಕೊಂಡೆ. ಅದೂ ಸುಳ್ಳೇ. ಅವರ ಕಣ್ಣಲ್ಲಿ ಪಾಪದ ಹುಡುಗಿಯಾಗಿಯೇ ಉಳಿಯಬೇಕೆಂಬ ಆಸೆ ನನ್ನದು. ಅವರಿಗೆ ಕ್ಷಮೆ ಕೊಟ್ಟು ಬಂದೆ, ಕೇಳಬೇಕಾದವಳು ನಾನಾಗಿದ್ದೆ. ಮುಂದೆ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲಿಲ್ಲ, ಶಾಲೆಯಲ್ಲಿ ಪರೀಕ್ಷೆ ಎಂದು ನೆವ ಹೇಳಿದೆ.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಅತ್ತೆ ಇಲ್ಲ. ರೊಟ್ಟಿ ವ್ಯಾಪಾರ ಇದೆ, ಈಗ ನೆಗೆಣ್ಣಿಯೇ ಯಜಮಾನ್ತಿ. ಕೂಲಿಗೆ ಹೆಣ್ಣುಮಕ್ಕಳಿದ್ದಾರೆ, ಆದರೂ ಆರ್ಡರ್ ಹೆಚ್ಚಾದ ದಿನ ತಾನೂ ಬಡಿಯಲು ಕೂರುತ್ತಾಳೆ. ಅವಳ ಕೈಯನ್ನು ಆಮೇಲೆ ಬೇರೆ ಡಾಕ್ಟರಿಗೆ ತೋರಿಸಿದೆ, ವ್ಯಾಯಾಮ ಮಾಡಿಸಿದೆ. ತಡವಾಗಿ ಹೋಗಿತ್ತು. ನೋವು ಹೋಗುತ್ತದೆ, ಬರುತ್ತದೆ. ಅವಳು ಅದರ ಮಾತೇ ಎತ್ತುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಆ ಮುಲಾಮಿನ ಘಾಟು ಬಡಿದ ದಿನ ಸಂಜೆ ಮನೆಗೆ ಬಂದೆ. ನಲ್ಲಿಗೆ ನೀರು ಬಿಟ್ಟಿದ್ದರು. ವಾರಕ್ಕೊಮ್ಮೆ ಬರುವ ನೀರು, ಮನೆಮಂದಿಯೆಲ್ಲ ಓಡಾಡುತ್ತಿದ್ದರು. ತುಂಬಿದ ಕೊಡವನ್ನು ಎತ್ತಲು ನಾನು ಬಗ್ಗಿದೆ. ಅವಳು ಒಳಗಿನಿಂದ ಓಡಿಬಂದು ಕೊಡದ ಕಂಠ ಹಿಡಿದಳು.

"ನೀವ್ಯಾಕ ಎತ್ತತೀರಿ ಅಕ್ಕಾ, ಬಿಡ್ರಿ. ನಿಮ್ಮ ಕೈಗೆ ಆಗೂದಿಲ್ಲ."

ಇಷ್ಟು ವರ್ಷ ಹೀಗೆಯೇ. ನನ್ನ ಕೈಗೆ ಒಂದು ಕೊಡ ನೀರನ್ನೂ ಅವಳು ಬಿಟ್ಟವಳಲ್ಲ. ಅವತ್ತು ನನಗೆ ತಡೆಯಲಾಗಲಿಲ್ಲ. ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟೆ.

"ನನ್ನ ಕೈಗೆ ಏನೂ ಆಗಿಲ್ಲವಾ. ಸಾಹೇಬ್ರು ಬಂದಾಗ ನನಗ ನೋವು ಇರಲಿಲ್ಲ. ಅದರ ಮೊದಲ ಹೋಗಿತ್ತು. ನಾ ಸುಳ್ಳ ಹೇಳಿದೆ. ನನ್ನ ಪಾಲಿನ ರೊಟ್ಟಿ ನಿನ್ನ ಕಡೆ ಬಡಸಿದೆ."

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ಅವಳ ಮುಖದಲ್ಲಿ ಬಂದದ್ದು ಕರುಣೆ.

"ನಾ ನೊಂದಕೋಬಾರದಂತ ಹಿಂಗ ಅಂತೀರಿ," ಎಂದಳು. "ನಂಗ ಗೊತ್ತಿಲ್ಲನ್ರಿ? ಆ ಮುಲಾಮ ಹಚ್ಚಿದಾಗ ನೀವು ಅಳೂದನ್ನ ನಾ ಕಣ್ಣಾರೆ ನೋಡೇನಿ. ನಿಮ್ಮ ನೋವಿನ ಮುಂದ ನಂದೇನ್ರಿ ಅಕ್ಕಾ. ಖರೇ ಇರಲಿಲ್ಲಂದ್ರ ಡಾಕ್ಟರ್ ಸಾಹೇಬ್ರು ಹೇಳ್ತಿದ್ರೇನು?"

ನಾನು ಇನ್ನೊಮ್ಮೆ ಹೇಳಿದೆ. ಆಣೆ ಹಾಕಿ ಹೇಳಿದೆ. ಅವಳು ನಕ್ಕು ತಲೆ ಅಲ್ಲಾಡಿಸಿದಳು. ಸಾಹೇಬರು ಇದ್ದಿದ್ದರೆ ಮಾಳಮಡ್ಡಿಗೆ ಓಡಿಹೋಗಿ, ಅವರನ್ನು ಕರೆತಂದು, ಇಲ್ಲ ಎಂದು ಒಂದು ಮಾತು ಹೇಳಿಸುತ್ತಿದ್ದೆ. ಅವರ ಬಾಯಿಂದ ಬಂದರೆ ಮಾತ್ರ ಈ ಮನೆಯಲ್ಲಿ ನಂಬುತ್ತಾರೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡವನ್ನು ಎರಡೂ ಕೈಯಿಂದ ಎತ್ತಿಕೊಂಡು ಒಳಗೆ ಹೋದಳು.